ಕುರ್ಲಾದ ತಬೇಲಾದಲ್ಲಿ ಸರಪಳಿ ಬಿಚ್ಚಿದ ವರ್ಷ

ಕಳೆದ ತಿಂಗಳು ಮದುವೆ ಪತ್ರಿಕೆ ಕೊಡಲು ಮುಂಬೈಯ ಕುರ್ಲಾದ ಒಂದು ಬಿಲ್ಡಿಂಗಿಗೆ ಹೋಗಿದ್ದೆ. ಹದಿನಾರು ಮಹಡಿ. ಕೆಳಗಿನ ಮೆಟ್ಟಿಲುಗಳಿಗೆ ಟೈಲ್ಸ್ ಕೂರಿಸುವ ಕೆಲಸ ನಡೆದಿತ್ತು, ಲಿಫ್ಟ್ ಎರಡನೇ ಮಹಡಿಯಿಂದ ಮೇಲಕ್ಕೆ ಮಾತ್ರ ಓಡುತ್ತಿತ್ತು. ಅಲ್ಲಿಯವರೆಗೆ ಕಾರು ಹತ್ತುವ ರ‍್ಯಾಂಪಿನಲ್ಲಿ ನಡೆದು ಹೋಗಿ ಎಂದು ವಾಚ್‌ಮನ್ ಕೈ ತೋರಿಸಿದ. ಹೊರಗೆ ಈ ವರ್ಷದ ಮೊದಲ ಜೋರು ಮಳೆ. ನಾನು ಗೋಡೆಯ ಬದಿಗೆ ಸರಿದು ಮೆಲ್ಲಗೆ ಹತ್ತಿದೆ. ಎರಡನೇ ಪಾರ್ಕಿಂಗ್ ಮಹಡಿ ಮುಟ್ಟುವಾಗ ಒದ್ದೆ ಸಿಮೆಂಟಿನ ವಾಸನೆ ಬಂತು. ಸಿಮೆಂಟು, ಮಳೆ, ಸ್ವಲ್ಪ ಎಂಜಿನ್ ಆಯಿಲು, ಅಷ್ಟೇ. ಆದರೂ ನಾನು ಕಂಬ ಹಿಡಿದು ನಿಂತುಬಿಟ್ಟೆ. ಆ ಕಂಬದ ಸುತ್ತ, ಈಗ ಕಾರುಗಳಿಗೆ ನಂಬರು ಬರೆದಿರುವ ಜಾಗದಲ್ಲಿ, ಒಮ್ಮೆ ಇಪ್ಪತ್ತಮೂರು ಎಮ್ಮೆಗಳು ಎರಡು ದಿನ ನಿಂತಿದ್ದವು. ಬಿಲ್ಡಿಂಗು ಆಗ ಅರ್ಧ ಮಾತ್ರ ಆಗಿತ್ತು. ಎಮ್ಮೆಗಳನ್ನು ಹತ್ತಿಸಿದವರಲ್ಲಿ ನಾನೂ ಒಬ್ಬ.

ಎಮ್ಮೆಗಳನ್ನು ಹತ್ತಿಸಿದ ವರ್ಷದ ಹಿಂದಿನ ವರ್ಷ ನಾನು ಬಿಲ್ಡಿಂಗುಗಳಿಗೆ ಬಣ್ಣ ಹಚ್ಚುತ್ತಿದ್ದೆ. ಊರು ಸಿಂದಗಿ ತಾಲೂಕಿನಲ್ಲಿ. ವಿಲೆ ಪಾರ್ಲೆಯಲ್ಲಿ ಒಂದು ಮಧ್ಯಾಹ್ನ ಬಿದಿರಿನ ಅಟ್ಟಣೆಯ ಹಗ್ಗ ಬಿಚ್ಚಿಕೊಂಡು ಮೂರನೇ ಮಹಡಿಯಿಂದ ಕೆಳಗೆ ಬಿದ್ದೆ. ಮರಳಿನ ರಾಶಿಯ ಮೇಲೆ ಬಿದ್ದದ್ದರಿಂದ ಉಳಿದೆ. ಮೂಳೆಗಳು ಕೂಡಿಕೊಂಡವು, ಕೈ ಮಾತ್ರ ನಡುಗತೊಡಗಿತು. ಕುರ್ಚಿಯ ಮೇಲೆ ನಿಂತರೂ ಎದೆ ಹೊಡೆದುಕೊಳ್ಳುತ್ತಿತ್ತು. ಊರಿಗೆ ಮರಳುವ ಮನಸ್ಸಾಗಲಿಲ್ಲ. ಆಗ ಯಾರೋ ಖೈರುನ್ನಿಸಾ ಅವರ ಹೆಸರು ಹೇಳಿದರು. ಅವರೂ ನಮ್ಮ ಕಡೆಯವರೇ, ಆಲಮೇಲದ ಹತ್ತಿರದವರು. ಮದುವೆಯಾಗಿ ಕುರ್ಲಾಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಅವನ ತಬೇಲಾವನ್ನು, ಹಾಲು ಮಾರುವ ಎಮ್ಮೆ ಕೊಟ್ಟಿಗೆಯನ್ನು, ತಾವೇ ನಡೆಸುತ್ತಿದ್ದರು. ಓಣಿಯವರೆಲ್ಲ ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಬರಿಯಾಕ ಬರ್ತದೇನ್?" ಎಂದು ಕೇಳಿದರು.

"ಬರ್ತದ್ರೀ. ಕೈ ನಡಗತಾವ."

"ಎಮ್ಮಿಗಿ ಅಕ್ಷರ ಓದಾಕ ಬರೂದಿಲ್ಲ. ಹೆಂಗರ ಬರಿ."

ಹಾಗೆ ನಾನು ತಬೇಲಾದ ಮೆಹತಾ ಆದೆ. ಯಾವ ಎಮ್ಮೆ ಎಷ್ಟು ಹಾಲು ಕೊಟ್ಟಿತು, ಯಾವುದು ಮೇವು ಬಿಟ್ಟಿತು, ಯಾವುದು ಕುಂಟುತ್ತಿದೆ ಎಂದು ನೋಡಿ ಬರೆದಿಡುವವನಿಗೆ ಮುಂಬೈ ತಬೇಲಾಗಳಲ್ಲಿ ಇರುವ ಹೆಸರು ಅದು.

ಇಪ್ಪತ್ತನಾಲ್ಕು ಎಮ್ಮೆಗಳಿದ್ದವು. ತಬೇಲಾದ ಪದ್ಧತಿಯನ್ನು ನಾನು ಮೊದಲ ವಾರದಲ್ಲೇ ತಿಳಿದುಕೊಂಡೆ. ಆಗಷ್ಟೇ ಈದ ಎಮ್ಮೆ, ಪಕ್ಕದಲ್ಲಿ ಕರು, ಗುಜರಾತದಿಂದಲೋ ಹರಿಯಾಣದಿಂದಲೋ ಲಾರಿಯಲ್ಲಿ ಬಂದು ಇಳಿಯುತ್ತದೆ. ಇಳಿದ ದಿನ ಗೋಡೆಗೆ ಮುಖ ಮಾಡಿಸಿ, ಗೋದಲಿಯ ಬುಡದ ಬಳೆಗೆ ಕುತ್ತಿಗೆಯ ಸರಪಳಿ ಸಿಕ್ಕಿಸುತ್ತಾರೆ. ಮುಂದಿನ ಹತ್ತು ತಿಂಗಳು ಅದು ತಿನ್ನುವುದು, ಕುಡಿಯುವುದು, ಮಲಗುವುದು, ಹಾಲು ಕೊಡುವುದು ಎಲ್ಲ ಅಲ್ಲಿಯೇ. ಹಾಲು ಬತ್ತಿದರೆ ಅದು ಭಾಕಡ್. ದಲಾಲ ಟೆಂಪೋ ತಂದು ಸಿಕ್ಕ ಬೆಲೆಗೆ ಒಯ್ಯುತ್ತಾನೆ, ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಅದರ ಜಾಗಕ್ಕೆ ಹೊಸ ಎಮ್ಮೆಯನ್ನು ನಾಲ್ಕೈದು ಪಟ್ಟು ಬೆಲೆ ಕೊಟ್ಟು ತರುತ್ತಾರೆ.

ಅದನ್ನು ಮತ್ತೆ ಗಬ್ಬ ಮಾಡಿಸಿ ಇಟ್ಟುಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ. ಎಲ್ಲರೂ ನಕ್ಕರು. ಬಂಬೈಗೆ ಬಂದ ಎಮ್ಮೆ ಗಬ್ಬ ಆಗುವುದಿಲ್ಲ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹಾಲು ಕರೆಯುವ ರಾಮಲಖನ್ ಜೌನ್‌ಪುರದವನು, ಅವನು ಸಮುದ್ರದ ಗಾಳಿಯ ಉಪ್ಪು ಕಾರಣ ಎನ್ನುತ್ತಿದ್ದ. ಪಕ್ಕದ ತಬೇಲಾದ ಯಾದವ್, ಚೆಂಬೂರಿನ ಕಡೆಯಿಂದ ಬರುವ ಕಾರ್ಖಾನೆಯ ಹೊಗೆ ಎನ್ನುತ್ತಿದ್ದ. ಚಾಚಿ, ಅವು ತಮ್ಮ ಊರು ನೆನೆಸುತ್ತಾವ ಎನ್ನುತ್ತಿದ್ದರು. ಮೂವರೂ ಮೂವತ್ತು ವರ್ಷ ಎಮ್ಮೆ ಕಂಡವರು. ನಾನು ಹಾಲಿನ ಪುಸ್ತಕಕ್ಕೆ ಮರಳಿದೆ.

ಚಾಚಿಯ ಒಬ್ಬನೇ ಮಗ ಸಲೀಂ. ಅದೇ ಓಣಿಯಲ್ಲಿ ಹತ್ತು ಅಡಿಯ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕಿಟಕಿಯ ಸರಳು, ಗೇಟು, ಮೆಟ್ಟಿಲ ಕಟಾಂಜನ ಮಾಡುತ್ತಿದ್ದ. ಕೆಲಸ ಬಹಳ, ಜಾಗವಿಲ್ಲ. ಗೇಟುಗಳನ್ನು ರಸ್ತೆಯಲ್ಲಿ ಮಲಗಿಸಿಯೇ ವೆಲ್ಡ್ ಮಾಡುತ್ತಿದ್ದ. ಅವನ ಕಣ್ಣು ತಬೇಲಾದ ಶೆಡ್ಡಿನ ಮೇಲೆ ಇದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

"ಅಮ್ಮಿ, ಹಾಲು ಬರ್ತದ, ಮಾನ್‌ತಾ ಹೂಂ. ಹಾಲಿಂದು ಎಲ್ಲಾ ಎಮ್ಮಿ ಖರೀದ್ಯಾಗ ಹೋಗ್ತದ. ನಿಂಗೇನ್ ಉಳೀತು? ಬರೇ ಗೋಬರ್."

"ಅದs ಗೋಬರದಾಗ ನಿನ್ನ ಹತ್ತನೇತ್ತಾ ಪಾಸ್ ಆಗೇತಿ, ಬೇಟಾ."

"ಫೇಲ್ ಆಗಿದ್ದು, ಅಮ್ಮಿ."

"ಎರಡನೇ ಸಲ ಪಾಸ್ ಆತಲ್ಲ. ಆವಾಗೂ ಗೋಬರs ಇತ್ತು."

ಆದರೆ ಚಾಚಿ ಒಳಗೆ ಹೆದರಿದ್ದರು. ಆ ವರ್ಷ ಏಳು ಎಮ್ಮೆಗಳು ಒಮ್ಮೆಗೇ ಬತ್ತುತ್ತ ಬಂದಿದ್ದವು. ತಾಯಿ ಮಗ ಒಂದು ಮಾತಿಗೆ ಬಂದರು. ದೀಪಾವಳಿಯವರೆಗೆ ನೋಡುವುದು. ಆ ಏಳರ ಜಾಗವನ್ನು ತಬೇಲಾ ತನ್ನ ಗಳಿಕೆಯಲ್ಲೇ ತುಂಬಿಕೊಂಡರೆ ಸಲೀಂ ಮತ್ತೆ ಬಾಯಿ ತೆರೆಯಬಾರದು. ಆಗದಿದ್ದರೆ ಎಮ್ಮೆಗಳನ್ನೆಲ್ಲ ಮಾರಿ ಶೆಡ್ಡನ್ನು ಅವನಿಗೆ ಕೊಡಬೇಕು. ನನಗೂ ಅದು ಸಣ್ಣ ಮಾತಾಗಿರಲಿಲ್ಲ. ನಡುಗುವ ಕೈಗೆ ಮುಂಬೈಯಲ್ಲಿ ಬೇರೆ ಕೆಲಸ ಎಲ್ಲಿದೆ?

ಜುಲೈ ಕೊನೆಯ ಒಂದು ಅಮಾವಾಸ್ಯೆಯ ದಿನ ನಸುಕಿನಿಂದಲೇ ಮಳೆ ಹಿಡಿದಿತ್ತು. ಹನ್ನೆರಡಕ್ಕೆ ಸಮುದ್ರದ ಉಬ್ಬರ ಎಂದು ಫೋನಿನಲ್ಲಿ ಸಂದೇಶ ಬಂದಿತ್ತು. ತಬೇಲಾದ ಹಿಂದೆ ನಾಲೆ. ಪ್ರತಿ ಮಳೆಗಾಲ ನಾಲೆಯ ನೀರು ಪಾದದವರೆಗೆ ಒಳಗೆ ಬಂದು ಹೋಗುವುದು ರೂಢಿ, ಆದ್ದರಿಂದ ಪಾದ ಮುಳುಗಿದಾಗ ಯಾರೂ ಗಾಬರಿಯಾಗಲಿಲ್ಲ. ಒಂದು ಗಂಟೆಗೆ ರಾಮಲಖನ್ ಕೆಚ್ಚಲು ತೊಳೆಯಲು ಕುಳಿತ. ಬಕೆಟ್ಟು ತೇಲಿಕೊಂಡು ಅವನ ಕೈಯಿಂದ ಆಚೆ ಹೋಯಿತು. ನೀರು ಮೊಣಕಾಲಿಗೆ ಬಂದಿತ್ತು.

"ಬಿಚ್ಚೂಣೇನ್?" ಎಂದರು ಚಾಚಿ.

ಟೆಂಪೋ ಹತ್ತಿಸುವಾಗ ಒಂದೊಂದಾಗಿ ಬಿಚ್ಚಿದ್ದುಂಟು. ಇಡೀ ಸಾಲನ್ನು ಬಿಚ್ಚಿದವರು ಅಲ್ಲಿ ಯಾರೂ ಇರಲಿಲ್ಲ.

"ಖುಲ್ ಗಯೀ ತೋ ಪಕಡೇಗಾ ಕೌನ್, ಚಾಚಿ? ಸೀಧಾ ಪಟರೀ ಪರ್ ಜಾಯೇಂಗೀ," ಎಂದ ರಾಮಲಖನ್. ರೈಲು ಹಳಿ ಓಣಿಯ ತುದಿಯಲ್ಲೇ ಇತ್ತು. ಬಿಚ್ಚಿದರೆ ಹಿಡಿಯುವವರಿಲ್ಲ, ಎಮ್ಮೆಗಳು ನೇರ ಹಳಿಗೆ ಹೋಗುತ್ತವೆ ಎಂಬ ಅವನ ಹೆದರಿಕೆ ಸುಳ್ಳಲ್ಲ. ನೀರು ಇಳಿದೀತು ಎಂದು ಯಾದವ್ ಹೇಳಿದ. ಇಳಿಯಲಿಕ್ಕಿಲ್ಲ ಎಂದು ನಾನು ಹೇಳಿದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಹೀಗೆ ಇಪ್ಪತ್ತು ನಿಮಿಷ ಹೋದವು. ಆ ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಆಮೇಲೆ ನನಗೆ ತಿಳಿಯಿತು.

ಬಳೆಗಳಿದ್ದದ್ದು ಗೋದಲಿಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಸರಪಳಿ ಎರಡು ಮೊಳ. ಎಮ್ಮೆ ನಿಂತರೂ ತಲೆಯನ್ನು ಪೂರ್ತಿ ಎತ್ತಲಾರದು. ನೀರು ಏರಿದಂತೆ ಅವು ತಲೆ ಎತ್ತಲು ಹಿಂದಕ್ಕೆ ಜಗ್ಗತೊಡಗಿದವು. ಜಗ್ಗಿದರೆ ಕೊಂಡಿ ಬಿಗಿಯಾಗುತ್ತದೆ, ಬಿಗಿಯಾದ ಕೊಂಡಿ ಬಿಚ್ಚುವುದಿಲ್ಲ. ಎಮ್ಮೆ ಒಂದು ಹೆಜ್ಜೆ ಮುಂದೆ ಬರಬೇಕು, ಸರಪಳಿ ಸಡಿಲಾಗಬೇಕು, ಆಗ ನೀರಿನೊಳಗೆ ಕೈಹಾಕಿ ಕೊಂಡಿಯನ್ನು ಅಡ್ಡ ತಿರುಗಿಸಿ ಬಳೆಯಿಂದ ನುಸುಳಿಸಬೇಕು. ಹೆದರಿದ ಎಮ್ಮೆಗೆ ಮುಂದೆ ಬಾ ಎಂದು ಹೇಳುವುದು ಹೇಗೆ? ಚಾಚಿ ಹಿಂಡಿಯ ಚೀಲ ಎತ್ತಿಕೊಂಡು ಬಂದರು. ಒಂದೊಂದರ ಮೂಗಿನ ಮುಂದೆ ಹಿಡಿ ಹಿಂಡಿ ಹಿಡಿದು "ಬಾ ನನ್ನವ್ವ, ಬಾ" ಎಂದು ಕರೆದರು. ಅದು ಮೂಗು ಚಾಚಿದ ಗಳಿಗೆಯಲ್ಲಿ ನಾನು ಕೊಂಡಿ ತಿರುಗಿಸುತ್ತಿದ್ದೆ. ನಡುಗುವ ಕೈಯಿಂದ ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಐದನೆಯದರ ಹೊತ್ತಿಗೆ ಸಲೀಂ ಎದೆಮಟ್ಟದ ನೀರಿನಲ್ಲಿ ಈಜಿದಂತೆ ಬಂದ. ಕೈಯಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಇತ್ತು. ಕರೆಂಟ್ ಇಲ್ಲವೆನ್ನುವುದು ಬಂದ ಮೇಲೆ ನೆನಪಾಗಿ ಅದನ್ನು ಗೋಡೆಯ ಮೇಲಿಟ್ಟು ಸಾಲಿನ ಆ ತುದಿಯಿಂದ ಬಿಚ್ಚತೊಡಗಿದ. ರಾಮಲಖನ್ ಮತ್ತು ಯಾದವ್ ಕರುಗಳನ್ನು ಹೆಗಲ ಮೇಲೆ ಹೊತ್ತು ಹೊರಗೆ ಸಾಗಿಸಿದರು.

ಇಪ್ಪತ್ತಮೂರು ಬಿಚ್ಚಿದೆವು. ನಾಲೆಯ ಕಡೆಯ ಮೂಲೆಯಲ್ಲಿ ನೆಲ ತಗ್ಗು. ಅಲ್ಲಿದ್ದ ಎಮ್ಮೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ, ಅದಕ್ಕೆ ಹೆಸರೂ ಇಟ್ಟಿರಲಿಲ್ಲ. ಸಲೀಂ ಅಲ್ಲಿಗೆ ಮುಟ್ಟಿದಾಗ ಅದರ ಮೂಗು ಮಾತ್ರ ಮೇಲಿತ್ತು. ಅವನು ಮುಳುಗಿದ, ಎದ್ದ. ಮತ್ತೆ ಮುಳುಗಿದ. ಎರಡನೇ ಸಲ ಎದ್ದಾಗ ಮೂಗು ಕಾಣಿಸಲಿಲ್ಲ. ಮೂರನೇ ಸಲ ಅವನು ಉಸಿರೆಳೆದುಕೊಂಡಾಗ ನಾನು ಅವನ ಅಂಗಿ ಹಿಡಿದು ಬೇಡ ಎಂದೆ. ಅವನು ನನ್ನ ಮುಖ ನೋಡಿದ. ನಾವು ಈವರೆಗೆ ಅದರ ಬಗ್ಗೆ ಮಾತಾಡಿಲ್ಲ.

ಹೊರಗೆ ಬಂದ ಎಮ್ಮೆಗಳು ಹಳಿಯ ಕಡೆ ಓಡಲಿಲ್ಲ. ಎಲ್ಲಿಗೂ ಓಡಲಿಲ್ಲ. ಓಣಿಯ ನೀರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ರಸ್ತೆಯಾಚೆ ಕಟ್ಟುತ್ತಿದ್ದ ಬಿಲ್ಡಿಂಗು, ಅದರ ರ‍್ಯಾಂಪು ನೀರಿನಿಂದ ಮೇಲೆದ್ದು ಕಾಣುತ್ತಿತ್ತು. ಅಲ್ಲಿಯ ವಾಚ್‌ಮನ್ ಮಲ್ಲಪ್ಪ, ಯಾದಗಿರಿ ಕಡೆಯವನು, ಗೇಟಿನ ಮೇಲೆ ಹತ್ತಿ ಕುಳಿತಿದ್ದ.

"ಗೇಟ್ ತಗಿ, ತಮ್ಮಾ," ಎಂದರು ಚಾಚಿ.

"ಯವ್ವಾ, ಇಂಜಿನಿಯರ್ ಸಾಹೇಬ್ರು ನಾಳಿ ಕೇಳಿದ್ರ ಏನಂತ ಹೇಳ್ಲಿ?"

"ಎಮ್ಮಿ ಬಂದು ಕೇಳಿದ್ವು, ತಗದೆ ಅನ್ನು."

ಅವನು ಇಳಿದು ತೆಗೆದ. ರ‍್ಯಾಂಪಿನ ಒಂದು ಬದಿಗೆ ಇನ್ನೂ ಗೋಡೆ ಕಟ್ಟಿರಲಿಲ್ಲ. ನನ್ನ ಕಾಲು ಕಂಬದಂತೆ ನಿಂತುಬಿಟ್ಟಿತು. ರೇಷ್ಮಾ ಎಂಬ ಎಮ್ಮೆ ನನ್ನ ಬಗಲಿಗಿತ್ತು. ದೊಡ್ಡ ಮೈಯದು, ಬತ್ತುತ್ತಿದ್ದ ಏಳರಲ್ಲಿ ಒಂದು. ಅದನ್ನು ಅಂಚಿನ ಕಡೆ ಮಾಡಿ, ಅದರ ಮೈಗೆ ಅಂಟಿಕೊಂಡು, ಅದರ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿದೆ. ನಾನು ಅದನ್ನು ಹತ್ತಿಸಿದೆನೋ ಅದು ನನ್ನನ್ನೋ ಹೇಳಲಾರೆ.

ನೀರು ಇಳಿಯಲು, ತಬೇಲಾ ತೊಳೆಯಲು ಎರಡು ದಿನ ಬೇಕಾಯಿತು. ಯಾದವ್‌ನ ತಬೇಲಾದ ನೆಲ ಎತ್ತರ; ಅವನ ಒಂಬತ್ತು ಎಮ್ಮೆಗಳನ್ನು ಆಮೇಲೆ ಬಿಚ್ಚಿ ತಂದು ಮೊದಲ ಮಹಡಿಯಲ್ಲಿ ಬಿಟ್ಟೆವು, ನಮ್ಮವು ಎರಡನೆಯದರಲ್ಲಿ. ಬಣ್ಣದವರ ಹೊಸ ಬಕೆಟ್ಟುಗಳಲ್ಲಿ ರಾಮಲಖನ್ ಹಾಲು ಕರೆದ. ಹಾಲು ಒಯ್ಯುವ ಗಾಡಿ ಬರುವಂತಿರಲಿಲ್ಲ. ಓಣಿಯ ಚಾಳುಗಳಲ್ಲಿದ್ದವರು ಪಾತ್ರೆ ಹಿಡಿದು ರ‍್ಯಾಂಪು ಹತ್ತಿ ಬಂದರು. "ಹಾಲಳಿಯೂ ಮಾಪು ತೇಲಿ ಹೋಗೇತಿ, ತುಂಬಿಸ್ಕೊಂಡ್ ಹೋಗ್ರಿ," ಎಂದರು ಚಾಚಿ.

ಮೊದಲ ಸಂಜೆ ನಾನೊಂದು ವಿಚಿತ್ರ ನೋಡಿದೆ. ಇಪ್ಪತ್ತಮೂರೂ ಎಮ್ಮೆಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಯಾವುದನ್ನೂ ಕಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ತಿರುಗಿತು, ಆಮೇಲೆ ಇನ್ನೊಂದು. ಹೊತ್ತು ಏರುವಷ್ಟರಲ್ಲಿ ಅವು ಮಹಡಿಯ ತುಂಬ ನಡೆಯುತ್ತಿದ್ದವು, ಒಂದರ ಬೆನ್ನಿಗೆ ಇನ್ನೊಂದು ಗದ್ದ ಊರುತ್ತಿತ್ತು, ಮೈ ನೆಕ್ಕುತ್ತಿತ್ತು. ರೇಷ್ಮಾ ಒಂದೇ ಸಮನೆ ಕೂಗುತ್ತಿತ್ತು. ಯಾದವ್‌ನ ಹತ್ತಿರ ಒಂದು ಕೋಣ ಇತ್ತು. ಎಮ್ಮೆಯೊಂದರ ಜೊತೆ ಕರುವಾಗಿ ಬಂದದ್ದು, ಚೆಂದ ಇದೆಯೆಂದು ಮಾರದೆ ಉಳಿಸಿಕೊಂಡು, ಪೈಲ್ವಾನ್ ಎಂದು ಹೆಸರಿಟ್ಟಿದ್ದ. ಅದು ಕೆಳಗಿನ ಮಹಡಿಯಿಂದ ತಾನಾಗಿಯೇ ಹತ್ತಿ ಬಂತು.

ನನಗೆ ಬರೆಯುವ ಅಭ್ಯಾಸ. ಹಾಲಿನ ಪುಸ್ತಕ ಅಂಗಿಯೊಳಗೆ ಉಳಿದಿತ್ತು. ಕೋಣ ಹಾರಿದ್ದನ್ನು ರೇಷ್ಮಾ, ಬೆಳಿಗ್ಗೆ ಒಂಬತ್ತು ಎಂದು ಬರೆದೆ. ಒಂಬತ್ತನೇ ಜಾಗದ ಎಮ್ಮೆ, ಮಧ್ಯಾಹ್ನ ಎಂದು ಬರೆದೆ. ಮರುದಿನ ಮತ್ತೊಂದು.

"ಮೆಹತಾಜೀ, ಶಾದೀ ಕಾ ರಜಿಸ್ಟರ್ ಲಿಖ್ ರಹೇ ಹೋ ಕ್ಯಾ?" ಎಂದ ರಾಮಲಖನ್, ಮದುವೆಯ ದಾಖಲೆ ಬರೆಯುತ್ತೀಯಾ ಎಂದು ನಗುತ್ತ.

ಚಾಚಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಬಿಡು, ಪಾಪ. ಎರಡ್ ದಿನ ಆಡ್ಲಿ. ಅವೇನು ಗಬ್ಬ ಆಗೂದಿಲ್ಲ."

ಮೂರನೇ ದಿನ ಎಮ್ಮೆಗಳನ್ನು ತಬೇಲಾಕ್ಕೆ ಇಳಿಸಿದೆವು. ಒಂದೊಂದೂ ಯಾರೂ ಹೇಳದೆ ತನ್ನ ಜಾಗಕ್ಕೆ ಹೋಗಿ ನಿಂತಿತು. ಮೂಲೆಯ ಜಾಗ ಖಾಲಿ ಉಳಿಯಿತು. ಹದಿನೈದು ದಿನ ಹಾಲು ಅರ್ಧಕ್ಕೆ ಇಳಿಯಿತು. ಸಲೀಂ ಒಂದು ಸಂಜೆ ಬಂದು, "ಬಸ್, ಅಮ್ಮಿ. ಇನ್ನ ಸಾಕು," ಎಂದ. ದೀಪಾವಳಿ ಅಂದ್ರ ದೀಪಾವಳಿ ಎಂದರು ಚಾಚಿ. ಅವನು ವಾದಿಸಲಿಲ್ಲ. ಮರುದಿನ ವೆಲ್ಡಿಂಗ್ ಮಶೀನು ತಂದು, ಎಲ್ಲ ಬಳೆಗಳನ್ನು ಬುಡದಿಂದ ಕಿತ್ತು ಎದೆಮಟ್ಟಕ್ಕೆ ಏರಿಸಿದ. ಒಂದೇ ಕೀಲು ಎಳೆದರೆ ಬಿಚ್ಚಿಕೊಳ್ಳುವ ಹೊಸ ಕೊಂಡಿಗಳನ್ನೂ ಮಾಡಿದ. ಮುಚ್ಚಬೇಕೆನ್ನುವವನು ಇದನ್ನೇಕೆ ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ದಸರೆ ಮುಗಿದ ಮೇಲೆ ದಲಾಲ ಬಂದು ಏಳೂ ಭಾಕಡ್‌ಗಳನ್ನು ನೋಡಿ ದಿನ ಗೊತ್ತುಮಾಡಿ ಹೋದ. ಅವುಗಳ ಬೆಲೆಯಲ್ಲಿ ಹೊಸವು ಎರಡೂ ಬರುವಂತಿರಲಿಲ್ಲ. ಚಾಚಿ ಆ ದಿನ ಮಧ್ಯಾಹ್ನ ಉಣ್ಣಲಿಲ್ಲ. ನಾನು ಪುಸ್ತಕ ತೆರೆದು ಅವರ ಪಕ್ಕ ಕುಳಿತೆ.

"ಚಾಚಿ, ಟೆಂಪೋ ಬರೂಕಿಂತ ಮದ್ಲ ಒಮ್ಮಿ ದನದ ಡಾಕ್ಟರ್‌ಬಾಯಿಗೆ ತೋರಸೂಣು."

"ಏನಂತ?"

"ರೇಷ್ಮಾ ಗಬ್ಬ ಇರಬಹುದು."

ಅವರು ನನ್ನನ್ನೇ ನೋಡಿದರು. "ಪೆಟ್ಟು ಕೈಗಿ ಆಗೇತಿ ಅಂದಿದ್ರು. ತಲೀಗೂ ಆಗಿತ್ತೇನ್?"

"ಊರಾಗ ಕೋಣ ಹಾರಿದ್ ಎಮ್ಮಿ ತಪಾಸ್ ಮಾಡಸ್ದ ಯಾರರ ಮಾರ್ತಾರೇನ್ರೀ?"

"ಅದು ಊರು, ಬಸ್ಯಾ."

"ಇದು ಊರಲ್ಲ ಅಂತ ಎಮ್ಮಿಗೇನ್ ಗೊತ್ತು?"

ಚಾಚಿ ಎದ್ದು ರೇಷ್ಮಾಳನ್ನು ಒಮ್ಮೆ ನೋಡಿ ಬಂದರು. ಆಮೇಲೆ ಫೋನು ತೆಗೆದುಕೊಂಡರು.

ಟೆಂಪೋ ಬಂದ ಬೆಳಿಗ್ಗೆಯೇ ಡಾಕ್ಟರ್‌ಬಾಯಿಯೂ ಬಂದರು. ಮರಾಠಿಯವರು, ಸಣ್ಣ ಆಳು, ಎಲ್ಲರೂ ಬರೇ ಬಾಯಿ ಎನ್ನುತ್ತಿದ್ದರು. ದಲಾಲ ಹಲಗೆ ಇಳಿಸಿ ಬೀಡಿ ಹಚ್ಚಿ ನಿಂತಿದ್ದ. ಸಲೀಂ ಬಾಗಿಲಿಗೆ ಒರಗಿದ್ದ. ಬಾಯಿ ಭುಜದವರೆಗಿನ ಕೈಗವಸು ತೊಟ್ಟು, ಸೋಪಿನ ನೀರು ಹಚ್ಚಿಕೊಂಡು, ರೇಷ್ಮಾಳ ಹಿಂದೆ ನಿಂತು ಕೈ ಒಳಗೆ ಹಾಕಿದರು. ಗೋಡೆಯ ಕಡೆ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಹುಬ್ಬು ಸ್ವಲ್ಪ ಮೇಲೆ ಹೋಯಿತು.

"ಗಾಭಣ ಆಹೇ," ಎಂದರು. "ಅಡೀಚ್ ಮಹಿನೇ."

ಗಬ್ಬ ಇದೆ, ಎರಡೂವರೆ ತಿಂಗಳು. ಚಾಚಿ ಮತ್ತೊಮ್ಮೆ ನೋಡಿ ಎಂದರು. ಬಾಯಿ ಮತ್ತೊಮ್ಮೆ ನೋಡಿದರು. ನನ್ನ ಪುಸ್ತಕದಲ್ಲಿದ್ದ ಇನ್ನೆರಡನ್ನೂ ನೋಡಿದರು. ಆ ಏಳರಲ್ಲೇ ಇದ್ದ ಒಂಬತ್ತನೇ ಜಾಗದ್ದೂ ಗಬ್ಬ ಇತ್ತು, ಇನ್ನೊಂದು ಇರಲಿಲ್ಲ. ಕೋಣ ಎಲ್ಲಿಂದ ಬಂತು ಎಂದು ಕೇಳಿದರು. ಪಾರ್ಕಿಂಗ್ ಮಹಡಿಯ ಕಥೆ ಹೇಳಿದಾಗ ಬಾಯಿ ಜೋರಾಗಿ ನಕ್ಕರು. ನಂತರ ಕೈ ತೊಳೆಯುತ್ತ, ನಿಮ್ಮ ಎಮ್ಮೆಗಳೆಲ್ಲ ಬೆದೆಗೆ ಬರುತ್ತಲೇ ಇರುತ್ತವೆ ಎಂದರು. ಎಮ್ಮೆಯ ಬೆದೆ ಹಸುವಿನಷ್ಟು ಎದ್ದು ಕಾಣುವುದಿಲ್ಲ. ಗೋಡೆಗೆ ಮುಖ ಮಾಡಿ, ಅಲುಗಾಡದಂತೆ ಕಟ್ಟಿದರೆ ಅದು ತೋರಿಸುವುದಾದರೂ ಯಾರಿಗೆ? ಹೊಗೆಯೂ ಅಲ್ಲ, ಉಪ್ಪೂ ಅಲ್ಲ. ನೀವು ನೋಡಿಲ್ಲ, ಅಷ್ಟೇ.

ಚಾಚಿ ಹಿಂಡಿಯ ಚೀಲದ ಮೇಲೆ ಕುಳಿತುಬಿಟ್ಟರು.

"ಹಂಗಾರ ಇಷ್ಟ ವರ್ಷ ನಾವು ಟೆಂಪೋ ಹತ್ತಿಸಿದ್ದು?" ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ರಾಮಲಖನ್ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಚಾಚಿ, ಸಾತ್ ಬೋಲೀ ಥೀ. ಸಾತ್ ಕಾ ಟೆಂಪೋ ಲಾಯಾ," ಎಂದ ದಲಾಲ, ಏಳಕ್ಕೆಂದು ತಂದ ಟೆಂಪೋ ತೋರಿಸಿ.

ಎರಡನ್ನು ಉಳಿಸಿಕೊಂಡು ಐದನ್ನು ಕಳಿಸಿದರು. ಹಾಲಿಲ್ಲದ ಐದು ಹೊಟ್ಟೆಗಳನ್ನು ತುಂಬಿಸುವ ಶಕ್ತಿ ಆಗ ತಬೇಲಾಕ್ಕೆ ಇರಲಿಲ್ಲ. ಅವು ಹೋದದ್ದನ್ನು ಬರೆಯದೆ ಈ ಬರಹ ಮುಗಿಸಲಾರೆ.

ದೀಪಾವಳಿಯ ಮರುದಿನ ಚಾಚಿಯೇ ಸಲೀಂನನ್ನು ಕರೆದರು. ಮಾತು ಕೊಟ್ಟಿದ್ದೆ, ಆರು ಜಾಗ ಖಾಲಿ ಅದಾವ, ಶೆಡ್ಡು ನಿನ್ನದು ಎಂದರು. ಧ್ವನಿಯಲ್ಲಿ ಅಳು ಇರಲಿಲ್ಲ. ಸಲೀಂ ತಬೇಲಾದ ಉದ್ದಕ್ಕೂ ಒಮ್ಮೆ ನಡೆದು, ಮೂಲೆಯ ಖಾಲಿ ಜಾಗದ ಹತ್ತಿರ ನಿಂತು ಮರಳಿದ.

"ಬಾಯಿ ರೇಷ್ಮಾ ಈಯೂದು ಮೇದಾಗ ಅಂತ ಬೋಲೀ ನಾ?"

"ಹೌದು. ಮೇ ಆಖರಿ."

"ಮೇ ತಕ್ ದೇಖ್ತಾ ಹೂಂ. ಇಲ್ಲಿ ಕಟ್ಟಿದ ಎಮ್ಮಿ ಒಂದs ಒಂದು, ತಿರುಗಿ ಹಾಲು ಕೊಡ್ಲಿ. ಆಮ್ಯಾಲ ನಾ ಚುಪ್."

ಹಾಗೆ ಎಲ್ಲವೂ ಎರಡು ಎಮ್ಮೆಗಳ ಹೊಟ್ಟೆಯ ಮೇಲೆ ನಿಂತಿತು. ಆ ಚಳಿಗಾಲ ನಾವು ಹೊಸ ಎಮ್ಮೆ ತರಲಿಲ್ಲ. ಖಾಲಿಯಾದ ಜಾಗಗಳನ್ನು ಪಕ್ಕದ ಹುಲ್ಲು ಒಟ್ಟುವ ಅಂಗಳಕ್ಕೆ ಸೇರಿಸಿ ಒಂದು ತೆರಪು ಮಾಡಿದೆವು. ಸಲೀಂ ಉಳಿದ ಪೈಪುಗಳಿಂದ ಕಟಾಂಜನ ಮಾಡಿ ಕೊಟ್ಟ, ತಾತ್ಕಾಲಿಕ ಎಂದು ಮೂರು ಸಲ ಹೇಳಿದ. ದಿನಕ್ಕೆ ಎರಡು ಸಲ, ಆರಾರು ಎಮ್ಮೆಗಳನ್ನು ಒಂದೊಂದು ಗಂಟೆ ಅಲ್ಲಿ ಬಿಡುವುದು. ನಾನು ಸ್ಟೂಲು ಹಾಕಿಕೊಂಡು ನೋಡುವುದು. ಯಾವುದು ಯಾವುದರ ಬೆನ್ನಿಗೆ ಗದ್ದ ಊರಿತು, ಯಾವುದು ಊರಿಸಿಕೊಂಡು ನಿಂತಿತು, ಯಾವುದು ಸುಮ್ಮನೆ ಕೂಗಿತು. ನನ್ನ ಕೈ ನಡುಗುತ್ತಿದ್ದರೂ ಕಣ್ಣು ನಡುಗುತ್ತಿರಲಿಲ್ಲ. ಗುರುತು ಕಂಡ ದಿನ ಪೈಲ್ವಾನ್‌ನನ್ನು ಕರೆಸುವುದು, ಇಲ್ಲವೇ ಬಾಯಿ ಬಂದು ಗಬ್ಬ ನಿಲ್ಲುವ ಸೂಜಿ ಹಾಕುವುದು. ನಡೆದಾಡಿದ ಎಮ್ಮೆಗಳ ಕಾಲಿನ ಹುಣ್ಣು ಮಾಯಿತು. ಮೇವು ಹೆಚ್ಚು ತಿಂದವು. ಕರೆಯುತ್ತಿದ್ದ ಹದಿನಾರು ಎಮ್ಮೆಗಳ ಹಾಲು ಇಪ್ಪತ್ತರ ಹಾಲಿಗೆ ಹತ್ತಿರ ಬಂತು. ಗಳಿಕೆಯೆಲ್ಲ ಹೊಸ ಎಮ್ಮೆಯ ಬೆಲೆಗೆ ಸುರಿದು ಹೋಗುವುದು ನಿಂತು, ತಬೇಲಾದ ಕೈಯಲ್ಲಿ ಮೊದಲ ಸಲ ನಾಲ್ಕು ಕಾಸು ಉಳಿಯಿತು. ಹೋಳಿಯ ಹೊತ್ತಿಗೆ ಇನ್ನೂ ಏಳು ಗಬ್ಬ ಆಗಿದ್ದವು. ಯಾದವ್ ತನ್ನ ಎಮ್ಮೆಗಳನ್ನೂ ಸರದಿಯಂತೆ ತೆರಪಿಗೆ ತಂದು ಬಿಡತೊಡಗಿದ. ಉಪ್ಪು ಗಾಳಿಯ ಮಾತನ್ನು ರಾಮಲಖನ್ ಎತ್ತಲಿಲ್ಲ.

ಆದರೆ ಚಾಚಿಗೆ ನಿದ್ದೆ ಇರಲಿಲ್ಲ. ಗಬ್ಬ ನಿಲ್ಲುವುದು ಬೇರೆ, ಈಯುವುದು ಬೇರೆ. ತಬೇಲಾಕ್ಕೆ ಎಮ್ಮೆಗಳು ಯಾವಾಗಲೂ ಈದ ಮೇಲೆ ಬರುತ್ತಿದ್ದವು. ಆ ಶೆಡ್ಡಿನೊಳಗೆ ಇಷ್ಟು ವರ್ಷಗಳಲ್ಲಿ ಒಂದು ಕರುವೂ ಹುಟ್ಟಿರಲಿಲ್ಲ. ಎಮ್ಮೆಗಳ ನಡುವೆಯೇ ಬೆಳೆದ ಸಲೀಂ ಎಮ್ಮೆ ಈಯುವುದನ್ನು ಕಂಡಿರಲಿಲ್ಲ.

ಮೇ ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ರೇಷ್ಮಾ ಮಲಗುವುದು, ಏಳುವುದು ಮಾಡತೊಡಗಿತು. ಬಾಯಿಗೆ ಫೋನು ಮಾಡಿದರೆ ಅವರು ವಸಾಯಿಯಲ್ಲಿದ್ದರು, ಬರಲು ಎರಡು ಗಂಟೆ. ಚಾಚಿ ಸೆರಗು ಸಿಕ್ಕಿಸಿ ಹಿಂದೆ ಕುಳಿತರು. ಹುಡುಗಿಯಾಗಿದ್ದಾಗ ಆಲಮೇಲದಲ್ಲಿ ತಾಯಿಯ ಜೊತೆ ಕುಳಿತು ನೋಡಿದ್ದಂತೆ. ನೀರಿನ ಚೀಲ ಒಡೆಯಿತು. ಎರಡು ಮುಂಗಾಲಿನ ಗೊರಸು ಕಂಡವು, ಆಮೇಲೆ ಏನೂ ಮುಂದೆ ಬರಲಿಲ್ಲ. ಅರ್ಧ ಗಂಟೆಯಾಯಿತು.

"ಸಲೀಂನ ಕರಿ. ನನ್ನ ಕೈಯಾಗ ಶಕ್ತಿ ಇಲ್ಲ," ಎಂದರು.

ಅವನು ಅಂಗಡಿಯಿಂದ ಓಡಿ ಬಂದ. ವೆಲ್ಡಿಂಗ್ ಮಾಡುವ ಚರ್ಮದ ಕೈಗವಸು ಹಾಕಿಕೊಂಡೇ ಬಂದಿದ್ದ.

"ಅದೇನ್ ಕಬ್ಬಿಣ ಅಂತ ತಿಳದೀಯೇನ್? ಬಿಚ್ಚು ಅದನ್ನ."

ಅವನು ಬಿಚ್ಚಿ ಕುಳಿತ. ಕೈಯಲ್ಲಿ ಗೊರಸು ಜಾರುತ್ತಿತ್ತು. ನಾನು ಗೋಣಿತಟ್ಟಿನ ತುಂಡು ಕೊಟ್ಟೆ.

"ಈಗ ಎಳೀಬ್ಯಾಡ. ಆಕಿ ನೂಕ್ತಾಳ, ಆವಾಗಷ್ಟ. ಕೆಳಗ ಎಳಿ, ನಿನ್ನ ಕಡೆ ಅಲ್ಲ, ನೆಲದ ಕಡೆ. ನಿಲ್ಲು. ನಿಲ್ಲು ಅಂದೆ! ಹಾಂ, ಈಗ."

ಮೂಗು ಕಂಡಿತು, ನಾಲಿಗೆ ಕಂಡಿತು. ಹಣೆ ಸಿಕ್ಕಿಕೊಂಡು ನಿಂತಿತು. ರೇಷ್ಮಾ ಒಮ್ಮೆ ನರಳಿ ಮೈಯೆಲ್ಲ ಬಿಗಿ ಹಿಡಿಯಿತು. ಆಮೇಲೆ ಇಡೀ ಕರು ಒಮ್ಮೆಲೇ ಸಲೀಂನ ತೊಡೆಯ ಮೇಲೆ ಜಾರಿ ಬಂದು ಬಿತ್ತು. ಉಸಿರಾಡಲಿಲ್ಲ. ಚಾಚಿ ಅದರ ಮೂಗಿನ ಲೋಳೆ ಒರೆಸಿ ಹುಲ್ಲಿನ ಕಡ್ಡಿ ಚುಚ್ಚಿದರು. ನಾನು ಎಣಿಸುತ್ತಿದ್ದೆ. ಹನ್ನೊಂದಕ್ಕೆ ಅದು ಸೀನಿತು.

"ಹೆಣ್ಣು," ಎಂದರು ಚಾಚಿ, ಕಾಲೆತ್ತಿ ನೋಡಿ. ಆಮೇಲೆ ಅಲ್ಲಿಯೇ, ಆ ಒದ್ದೆ ನೆಲದ ಮೇಲೆಯೇ ಕುಳಿತು ಅತ್ತರು. ಸಲೀಂ ಕರುವನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡಿದ್ದ.

ಮೊದಲ ಹಾಲು ಕರುವಿಗೆ. ಅದು ಕುಡಿದು ಮಲಗಿದ ಮೇಲೆ ರಾಮಲಖನ್ ಮಿಕ್ಕದ್ದನ್ನು ಕರೆದ. ಹಳದಿ, ದಪ್ಪ. ಚಾಚಿ ಅದಕ್ಕೆ ಬೆಲ್ಲ ಮತ್ತು ಏಲಕ್ಕಿ ಹಾಕಿ, ಕುಕ್ಕರಿನಲ್ಲಿ ಹಬೆಯಾಡಿಸಿ ಗಿಣ್ಣ ಮಾಡಿದರು. ಮೂವತ್ತು ವರ್ಷ ಹಾಲು ಮಾರಿದ ಮನೆಯಲ್ಲಿ ಅದು ಮೊದಲ ಗಿಣ್ಣ. ಚಾಳಿನ ಮನೆಗಳಿಗೆ, ಮಲ್ಲಪ್ಪನಿಗೆ, ಯಾದವ್‌ಗೆ ಒಂದೊಂದು ತುಂಡು ಹೋಯಿತು. ಬಾಯಿ ಬಂದವರು ಎಮ್ಮೆ ನೋಡುವುದಕ್ಕಿಂತ ಮೊದಲು ಎರಡು ತುಂಡು ತಿಂದರು.

ಸಲೀಂ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು, ತಟ್ಟೆ ಕೈಯಲ್ಲಿ ಹಿಡಿದು ತಿಂದ. ತಟ್ಟೆ ನೆಕ್ಕಿ ಕೆಳಗಿಟ್ಟು ಎದ್ದು ಒಂಬತ್ತನೇ ಜಾಗಕ್ಕೆ ಹೋದ. ಬಾಯಿ ಮಾಡುವಂತೆ ಬಗ್ಗಿ ಎಮ್ಮೆಯ ಕೆಚ್ಚಲು ನೋಡಿದ, ಬಾಲ ಸರಿಸಿ ನೋಡಿದ.

"ಅಮ್ಮಿ, ಇದಕ್ಕ ಇನ್ನ ಎಷ್ಟ್ ದಿನ?"

ಚಾಚಿ ಪಾತ್ರೆಯ ತಳ ಕೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ನಾಳಿ ಅಂಗಡಿ ಬಂದ್ ಇಟ್ಟು ಇಲ್ಲೇ ಇರು," ಎಂದರು.